ಮಗುವಿನ ತಲೆ ಸ್ಕ್ಯಾನ್: ಫಿಲ್ಮಿಗಿಂತ ಮೊದಲು ಚೀಟಿ

ದಾವಣಗೆರೆಯಲ್ಲಿ ಮಗುವೊಂದು ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿತೆಂದರೆ ಮನೆಯವರು, ನೆರೆಯವರು, ಆಟೋದವರು ಎಲ್ಲರೂ ಕೇಳುವುದು ಒಂದೇ ಮಾತು: ‘ಸ್ಕ್ಯಾನಿಂಗ್ ಮಾಡಿಸಿದ್ರಾ?’ ಕೆ.ಬಿ. ಬಡಾವಣೆಯಂಥ ಕಡೆ ಇರುವವರಿಗೆ ಅದೇನೂ ಕಷ್ಟದ ಕೆಲಸವಲ್ಲ. ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಯಾವುದಕ್ಕಾದರೂ ಆಟೋ ಸಾಕು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಹತ್ತಿ ಗಿರಣಿಗಳ ಊರು ಮೆಲ್ಲಗೆ ಡಾಕ್ಟರುಗಳ ಊರೂ ಆಯಿತು. ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿಯವರಷ್ಟೇ ಅಲ್ಲ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯವರೂ ಮಗುವನ್ನು ಎತ್ತಿಕೊಂಡು ಇಲ್ಲಿಗೇ ಬರುತ್ತಾರೆ.

ಹಾಗಾಗಿ ಇಲ್ಲಿ ಕೊರತೆ ಯಂತ್ರದ್ದಲ್ಲ. ತಲೆಯ ಸಿ.ಟಿ. ಸ್ಕ್ಯಾನ್ ತೆಗೆಯಲು ಈಗ ಕೆಲವೇ ಸೆಕೆಂಡು ಹಿಡಿಯುತ್ತದೆ. ಕಷ್ಟವಿರುವುದು ಅದನ್ನು ಓದುವುದರಲ್ಲಿ. ಆ ಓದು ಶುರುವಾಗುವುದು ಫಿಲ್ಮಿನಿಂದಲ್ಲ, ಕ್ಯಾಶುವಾಲ್ಟಿಯಲ್ಲಿ ಬರೆಯುವ ಚೀಟಿಯಿಂದ ಎಂಬುದು ಈ ಲೇಖನದ ವಾದ. ‘ಬಿದ್ದ ಇತಿಹಾಸ, ತಲೆ ಸಿ.ಟಿ.’ ಎಂದಷ್ಟೇ ಬರೆದ ಚೀಟಿ ಹಿಡಿದು ಬಂದ ಮಗುವಿನ ಸ್ಕ್ಯಾನನ್ನು ಎಂಥ ಪಳಗಿದ ರೇಡಿಯಾಲಜಿಸ್ಟ್ ನೋಡಿದರೂ ಅರ್ಧ ಮಾತ್ರ ಓದಿದಂತೆ.

ಎಲ್ಲಿಂದ ಬಿತ್ತು, ಎಷ್ಟು ಎತ್ತರ, ಬಿದ್ದ ಕೂಡಲೇ ಅತ್ತಿತೋ ಸುಮ್ಮನಾಯಿತೋ, ಬುಗುಟು ಎಲ್ಲಿ ಎದ್ದಿದೆ, ಈಗ ಅಮ್ಮನ ಕಡೆ ನೋಡುತ್ತಿದೆಯೋ ಇಲ್ಲವೋ. ಇವೆಲ್ಲ ಸುಮ್ಮನೆ ಕೇಳುವ ಪ್ರಶ್ನೆಗಳಲ್ಲ. ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳು ಸೇರಿ ‘ಪೆಕಾರ್ನ್’ ಹೆಸರಿನ ಜಾಲದಲ್ಲಿ ತಲೆಗೆ ಪೆಟ್ಟಾದ 42,412 ಮಕ್ಕಳನ್ನು ಗಮನಿಸಿ, 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದವು. ಎಲ್ಲರೂ ಎಚ್ಚರವಾಗಿದ್ದ, ಇಲ್ಲವೇ ಸ್ವಲ್ಪ ಮಂಕಾಗಿದ್ದ ಮಕ್ಕಳು. ಅವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಸ್ಕ್ಯಾನ್ ಆಗಿತ್ತು. ನಿಜಕ್ಕೂ ಲೆಕ್ಕಕ್ಕೆ ಬರುವಂಥ ಮಿದುಳಿನ ಗಾಯ ಆಗಿದ್ದವರು 376 ಮಂದಿ, ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ತಲೆಯ ಆಪರೇಷನ್ ಬೇಕಾದದ್ದು 60 ಮಕ್ಕಳಿಗೆ.

ಆ ಅಧ್ಯಯನದಿಂದ ಹೊರಟ ಸೂತ್ರದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಒಂದು ಪಟ್ಟಿ, ಮೇಲ್ಪಟ್ಟವರಿಗೆ ಇನ್ನೊಂದು. ಚಿಕ್ಕ ಮಗುವಿನಲ್ಲಿ ನೋಡುವುದು ಆರು: ಎಚ್ಚರದಲ್ಲಿ ವ್ಯತ್ಯಾಸ, ಕೈಗೆ ಸಿಗುವ ಬುರುಡೆ ಬಿರುಕು, ಹಣೆ ಬಿಟ್ಟು ಬೇರೆ ಕಡೆ ಬುಗುಟು, ಐದು ಸೆಕೆಂಡಿಗೂ ಹೆಚ್ಚು ಪ್ರಜ್ಞೆ ತಪ್ಪಿದ್ದು, ಜೋರಾದ ಪೆಟ್ಟು, ಮತ್ತು ‘ಮಗು ಎಂದಿನಂತಿಲ್ಲ’ ಎಂಬ ತಾಯಿ-ತಂದೆಯ ಮಾತು. ಈ ಆರರಲ್ಲಿ ಒಂದೂ ಇಲ್ಲದಿದ್ದರೆ ಗಂಭೀರ ಗಾಯದ ಸಂಭವ ಶೇಕಡಾ 0.02ಕ್ಕೂ ಕಡಿಮೆ. ನನಗೆ ಇದರಲ್ಲಿ ಹಿಡಿಸುವುದು ಕೊನೆಯದು. ಹತ್ತಾರು ಸಾವಿರ ಮಕ್ಕಳ ಅಂಕಿಅಂಶವನ್ನು ಸೋಸಿದ ಮೇಲೂ ತಾಯಿಯ ಮಾತು ಪಟ್ಟಿಯಿಂದ ಉದುರಲಿಲ್ಲ. ‘ಎಲ್ಡು ಸಲ ವಾಂತಿ ಮಾಡ್ಕಂತು ಸಾರ್, ಯಾಕೋ ಮಂಕಾಗೈತೆ’ ಎಂದು ಜಗಳೂರಿನ ಅಮ್ಮ ಹೇಳಿದ್ದನ್ನು ಚೀಟಿಯಲ್ಲಿ ‘ವಾಂತಿ 2, ಮಂಕು’ ಎಂದು ಬರೆಯಲು ಎಷ್ಟು ಹೊತ್ತು ಬೇಕು?

ಜೋರಾದ ಪೆಟ್ಟು ಎಂದರೆ ಏನೆಂಬುದಕ್ಕೂ ಅಳತೆಯಿದೆ. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ, ದೊಡ್ಡ ಮಗು ಐದು ಅಡಿಗಿಂತ ಎತ್ತರದಿಂದ ಬಿದ್ದರೆ ಅದು ಜೋರು. ನಮ್ಮ ಮನೆಗಳ ಮಂಚ ಸಾಮಾನ್ಯವಾಗಿ ಎರಡಡಿಯ ಆಸುಪಾಸು. ಮಂಚದಿಂದ ಉರುಳಿ, ಅತ್ತು, ಹಾಲು ಕುಡಿದು ಮಲಗಿದ ಮಗುವನ್ನು ನೇರ ಸ್ಕ್ಯಾನಿಗೆ ಹಾಕುವ ಕಾರಣವಿಲ್ಲ. ಸೀರೆಯ ಜೋಲಿ, ಮಾಳಿಗೆ ಮೆಟ್ಟಿಲು, ಹುಣಸೆ ಮರ ಇವೆಲ್ಲ ಬೇರೆ ಲೆಕ್ಕ. ಆದರೆ ಆ ಪಟ್ಟಿ ಕಾರುಗಳ ದೇಶದಲ್ಲಿ ಹುಟ್ಟಿದ್ದು. ಕಾರಿನಿಂದ ಹೊರಗೆ ಎಸೆದುಬಿದ್ದ ಮಗುವಿಗೆ, ಗಾಡಿ ಗುದ್ದಿದ ಪಾದಚಾರಿ ಮಗುವಿಗೆ ಅದರಲ್ಲಿ ಜಾಗವಿದೆ. ಅಪ್ಪನ ಬೈಕಿನ ಪೆಟ್ರೋಲ್ ಟ್ಯಾಂಕ್ ಮೇಲೆ ಕೂತು ಬರುವ ಮೂರು ವರ್ಷದವನಿಗೆ ಅದರಲ್ಲಿ ನೇರವಾದ ಸಾಲಿಲ್ಲ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಬೈಕಿನಲ್ಲಿ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಬೆಲ್ಟು ಕಡ್ಡಾಯ, ವೇಗ 40 ಕಿಲೋಮೀಟರ್ ಮೀರಬಾರದು. ರಸ್ತೆಯಲ್ಲಿ ಆ ಬೆಲ್ಟನ್ನು ಕಂಡವರು ಕೈ ಎತ್ತಲಿ. ಇಂಥ ಮಗು ಬಂದಾಗ ಸೂತ್ರದಲ್ಲಿಲ್ಲ ಎಂದು ಕೈಬಿಡದೆ ಜೋರಾದ ಪೆಟ್ಟೆಂದೇ ಎಣಿಸುವುದು ಒಳ್ಳೆಯದು.

ಸ್ಕ್ಯಾನಿಗೆ ಇಷ್ಟೇಕೆ ಹಿಂದೆಮುಂದೆ ನೋಡಬೇಕು ಎಂದರೆ, ಸಿ.ಟಿ. ಎಂಬುದು ಎಕ್ಸ್‌ರೇ ಕಿರಣದ ಕೆಲಸ. ಬೆಳೆಯುವ ಮಿದುಳು, ಮಜ್ಜೆ ಎರಡೂ ಅದಕ್ಕೆ ಸೂಕ್ಷ್ಮ. ಬ್ರಿಟನ್ನಿನಲ್ಲಿ ಸುಮಾರು 1,78,000 ಮಂದಿಯ ದಾಖಲೆ ಹಿಡಿದು ನಡೆಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು ಹೀಗಿದೆ: ಹತ್ತು ವರ್ಷದೊಳಗೆ ತಲೆ ಸ್ಕ್ಯಾನ್ ಆದ ಪ್ರತಿ 10,000 ಮಕ್ಕಳಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಒಂದು ರಕ್ತ ಕ್ಯಾನ್ಸರ್, ಒಂದು ಮಿದುಳು ಗೆಡ್ಡೆ. 2023ರಲ್ಲಿ ಬಂದ ಯುರೋಪಿನ ಒಂಬತ್ತು ದೇಶಗಳ ಅಧ್ಯಯನವೂ ಹೆಚ್ಚುಕಡಿಮೆ ಇದೇ ಮಾತು ಹೇಳಿತು. ಈ ಅಂಕಿಗೆ ಎರಡೂ ಕಡೆ ಅರ್ಥವಿದೆ. ಬೇಕಾದ ಸ್ಕ್ಯಾನನ್ನು ‘ರೇಡಿಯೇಷನ್ ಭಯ’ ಎಂದು ತಡೆಯುವಷ್ಟು ದೊಡ್ಡದಲ್ಲ ಅದು. ಬೇಡದ ಸ್ಕ್ಯಾನನ್ನು ‘ಇರಲಿ, ಒಂದು ಮಾಡಿಸಿಬಿಡಿ’ ಎನ್ನುವಷ್ಟು ಸಣ್ಣದೂ ಅಲ್ಲ. ಯಂತ್ರದಲ್ಲಿ ಮಕ್ಕಳಿಗೆ ಬೇರೆ ಅಳತೆ ಇಡಬೇಕು, ದೊಡ್ಡವರ ಸೆಟ್ಟಿಂಗಿನಲ್ಲಿ ಎಳೆಗೂಸಿನ ತಲೆ ತೆಗೆಯಬಾರದು. ಸಿ.ಟಿ. ಯಂತ್ರಗಳಿಗೆ ಪರವಾನಗಿ ಕೊಡುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಆದರೆ ರಾತ್ರಿ ಎರಡು ಗಂಟೆಗೆ ಯಾವ ಸೆಟ್ಟಿಂಗ್ ಒತ್ತುತ್ತಾರೆ ಎಂಬುದು ಟೆಕ್ನೀಷಿಯನ್ನರ ತಿಳಿವಳಿಕೆಗೆ ಬಿಟ್ಟದ್ದು.

ಸ್ಕ್ಯಾನ್ ಕೋಣೆಯೊಳಗೆ ಒಮ್ಮೆ ಹೋಗಿ ನೋಡಿ. ಎ.ಸಿ.ಯ ಚಳಿ, ಗುಂಯ್ ಎನ್ನುವ ದೊಡ್ಡ ಬಳೆಯಾಕಾರದ ಯಂತ್ರ, ಹೊಸ ಮುಖಗಳು. ಮಗು ಕಿರುಚದೆ ಇನ್ನೇನು ಮಾಡೀತು? ಅಲುಗಾಡಿದರೆ ಚಿತ್ರ ಕಲಸುತ್ತದೆ. ಕಲಸಿದ ಚಿತ್ರದಲ್ಲಿ ಬಿರುಕು ಕಾಣದೆ ಹೋಗಬಹುದು, ಇಲ್ಲದ ರಕ್ತ ಕಾಣಬಹುದು. ಹಾಗೆಂದು ಟ್ರೈಕ್ಲೋಫಾಸ್‌ನಂಥ ನಿದ್ದೆಯ ಸಿರಪ್ ಕುಡಿಸುವುದು ಹಳೆಯ ವಾಡಿಕೆ. ತಲೆಗೆ ಪೆಟ್ಟಾದ ಮಗುವಿನಲ್ಲಿ ಇದು ಸ್ವಲ್ಪ ಯೋಚಿಸಬೇಕಾದ ವಿಷಯ: ಆಮೇಲೆ ಮಗು ತೂಕಡಿಸಿದರೆ ಅದು ಸಿರಪ್ಪಿನ ಮಂಪರೋ, ಮಿದುಳಿನ ಊತವೋ? ಈಗಿನ ವೇಗದ ಯಂತ್ರಗಳಲ್ಲಿ ಎಳೆಗೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ತಲೆಯ ಎರಡೂ ಬದಿಗೆ ಮೆತ್ತೆ ಕೊಟ್ಟು, ಅಮ್ಮನನ್ನು ಸೀಸದ ಏಪ್ರನ್ ತೊಡಿಸಿ ಹತ್ತಿರ ನಿಲ್ಲಿಸಿದರೆ ಎಷ್ಟೋ ಸಲ ಮದ್ದೇ ಬೇಡ. ಅಮ್ಮ ಬಸುರಿಯಾಗಿದ್ದರೆ ಅಜ್ಜಿಯೋ ಅಪ್ಪನೋ ನಿಲ್ಲಬೇಕು. ಬಸುರಿಯೇ ಎಂದು ಕೇಳುವವರು ಕಡಿಮೆ.

ಇನ್ನು ಚಿತ್ರ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೀ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕೆಲಸ ಮಾಡುತ್ತಿದ್ದುದು, ನಮ್ಮ ಹಿರಿಯರ ಮನೆಗಳಿಗೆ ಎಚ್‌ಎಂವಿ ತಟ್ಟೆಗಳನ್ನು ಮುಟ್ಟಿಸಿದ ಅದೇ ಇಎಂಐ ಕಂಪನಿಯಲ್ಲಿ. ಅವರ ಹೆಸರಿನ ಅಳತೆಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1,000, ಮಿದುಳು ಇಪ್ಪತ್ತೈದರಿಂದ ನಲವತ್ತು, ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಐವತ್ತರಿಂದ ಎಂಬತ್ತರ ಆಸುಪಾಸು, ಗಟ್ಟಿ ಮೂಳೆ ಸಾವಿರದತ್ತ. ಪರದೆಯ ಮೇಲೆ ಇವನ್ನೆಲ್ಲ ಒಟ್ಟಿಗೆ ತೋರಿಸಲಾಗದು. ಆದ್ದರಿಂದ ಮಿದುಳಿಗೊಂದು ‘ವಿಂಡೋ’, ಮೂಳೆಗೊಂದು ವಿಂಡೋ. ಮಿದುಳಿನ ವಿಂಡೋದಲ್ಲಿ ಬುರುಡೆಯೂ ಬಿಳಿ, ರಕ್ತವೂ ಬಿಳಿ. ಬುರುಡೆಗೆ ಅಂಟಿಕೊಂಡ ತೆಳು ರಕ್ತದ ಪದರ ಅದರಲ್ಲಿ ಕರಗಿಹೋಗುತ್ತದೆ. ಅದಕ್ಕೆಂದೇ ಇನ್ನಷ್ಟು ಅಗಲದ ವಿಂಡೋದಲ್ಲಿ ನೋಡಬೇಕು. ನೆತ್ತಿಯ ಮೇಲೆ ಅಡ್ಡಡ್ಡ ಹೋದ ಬಿರುಕು, ಅಡ್ಡಡ್ಡ ಕತ್ತರಿಸಿದ ಚಿತ್ರಗಳ ಸಾಲಿನಲ್ಲಿ ಎರಡು ಹಾಳೆಯ ನಡುವೆ ಜಾರಿಹೋಗಬಹುದು. ಉದ್ದಕ್ಕೆ, ಎದುರಿಗೆ ಕತ್ತರಿಸಿದ ಚಿತ್ರ, ಬುರುಡೆಯ ಮೂರು ಆಯಾಮದ ಚಿತ್ರ ಬೇಕಾಗುವುದು ಆಗ. ನಮ್ಮಲ್ಲಿ ಮನೆಯವರ ಕೈಗೆ ಬರುವ ಫಿಲ್ಮಿನಲ್ಲಿ ಆರಿಸಿ ಮುದ್ರಿಸಿದ ಕೆಲವು ಚಿತ್ರಗಳಿರುತ್ತವೆ. ಬೇರೆ ಊರಿನ ಡಾಕ್ಟರಿಗೆ ತೋರಿಸಬೇಕೆಂದಿದ್ದರೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಕೇಳಿದರೆ ಕೊಡುತ್ತಾರೆ.

ದೊಡ್ಡವರ ತಲೆ ಓದಿ ಅಭ್ಯಾಸವಾದ ಕಣ್ಣು ಮಗುವಿನ ತಲೆಯಲ್ಲಿ ದಾರಿ ತಪ್ಪುವುದು ಮುಖ್ಯವಾಗಿ ಬುರುಡೆಯಲ್ಲಿ. ಮಗುವಿನ ಬುರುಡೆ ಒಂದೇ ಚಿಪ್ಪಲ್ಲ. ಹಲವು ಮೂಳೆಗಳ ನಡುವೆ ಸಂದುಗಳಿರುತ್ತವೆ, ಮುಂದೆ ಮೆತ್ತನೆಯ ನೆತ್ತಿ. ಅದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ ಮುಚ್ಚುತ್ತದೆ. ಹಣೆಯ ನಡುವಿನ ಸಂದು ಬಹುತೇಕ ಮಕ್ಕಳಲ್ಲಿ ಒಂದು ವರ್ಷದೊಳಗೇ ಕೂಡಿಕೊಂಡರೂ ಕೆಲವರಲ್ಲಿ ಜೀವನವಿಡೀ ಉಳಿಯುತ್ತದೆ. ತಲೆಯ ಹಿಂಭಾಗದ ಮೂಳೆಯಲ್ಲಿ, ಪಕ್ಕದ ಮೂಳೆಯಲ್ಲಿ ಕೆಲವು ಮಕ್ಕಳಿಗೆ ಹೆಚ್ಚಿನ ಸಂದುಗಳೂ ಇರುತ್ತವೆ. ಇದನ್ನೆಲ್ಲ ಬಿರುಕೆಂದು ಓದಿದ ರಿಪೋರ್ಟು ಒಂದು ಮನೆಯನ್ನು ಅಲ್ಲೋಲಕಲ್ಲೋಲ ಮಾಡಬಲ್ಲದು. ಬಿರುಕು ಸಾಮಾನ್ಯವಾಗಿ ನೇರ, ಅಂಚು ಚೂಪು. ಸಂದು ಅಂಕುಡೊಂಕು, ಅದರ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ, ಎಷ್ಟೋ ಸಲ ಎರಡೂ ಬದಿ ಒಂದೇ ಥರ. ಎಲ್ಲಕ್ಕಿಂತ ದೊಡ್ಡ ಸುಳಿವು ಹೊರಗಿನ ಚರ್ಮದ್ದು: ಹೊಸ ಬಿರುಕಿನ ಮೇಲೆ ಬುಗುಟು ಇರಲೇಬೇಕು ಅನ್ನುವಷ್ಟು ವಾಡಿಕೆ. ಬುಗುಟು ಎಡಗಡೆ ಎಂದು ಚೀಟಿಯಲ್ಲಿ ಬರೆದಿದ್ದರೆ ಓದುವವರ ಕಣ್ಣು ಎಡಕ್ಕೆ ಇನ್ನೊಮ್ಮೆ ಹೋಗುತ್ತದೆ.

ಮಿದುಳಿನೊಳಗೂ ಇಂಥ ಬಲೆಗಳಿವೆ. ಹಸುಗೂಸಿನ ಮಿದುಳಲ್ಲಿ ನೀರಿನಂಶ ಜಾಸ್ತಿ, ನರತಂತುಗಳ ಮೇಲಿನ ಕೊಬ್ಬಿನ ಹೊದಿಕೆ ಇನ್ನೂ ಕಟ್ಟಿರುವುದಿಲ್ಲ. ಹಾಗಾಗಿ ಇಡೀ ಮಿದುಳು ಕಪ್ಪಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ಎಳೆ ಮಗುವಿನ ಗಟ್ಟಿ ರಕ್ತ ಹರಿಯುವ ದೊಡ್ಡ ಸಿರೆಗಳು ಬೆಳ್ಳಗೆ ಎದ್ದು ಕಂಡು, ‘ರಕ್ತಸ್ರಾವ’ ಎಂದು ಮೋಸ ಮಾಡುತ್ತವೆ. ಆರು ತಿಂಗಳ ಮಗುವಿನ ಮುಂಭಾಗದಲ್ಲಿ ಮಿದುಳಿನ ಸುತ್ತ ನೀರು ತುಸು ಹೆಚ್ಚಿದ್ದರೆ ‘ಮಿದುಳು ಕುಗ್ಗಿದೆ’ ಎಂದೋ ‘ಹಳೆಯ ರಕ್ತ ನೀರಾಗಿದೆ’ ಎಂದೋ ಬರೆಯುವುದುಂಟು. ತಲೆ ಸ್ವಲ್ಪ ದೊಡ್ಡದಿದ್ದು, ಮಗು ಚುರುಕಾಗಿದ್ದು, ಅಪ್ಪನ ತಲೆಯೂ ದೊಡ್ಡದಿದ್ದರೆ ಅದು ಎರಡು ವರ್ಷದ ಹೊತ್ತಿಗೆ ತಾನೇ ಸರಿಹೋಗುವ ಸ್ಥಿತಿ. ಇದಕ್ಕೆ ತಿರುವುಮುರುವು ಹತ್ತು ವರ್ಷದ ಹುಡುಗನಲ್ಲಿ: ಅವನ ಮಿದುಳು ಬುರುಡೆ ತುಂಬ ಇರುತ್ತದೆ, ಮಡಿಕೆಗಳ ನಡುವಿನ ಸಂದು ಕಡಿಮೆ. ವಯಸ್ಸಾದವರ ಮಿದುಳು ನೋಡಿದ ಕಣ್ಣಿಗೆ ಅದು ಊತವೆನ್ನಿಸುತ್ತದೆ. ಮಿದುಳಿನ ತಳದ ನೀರಿನ ಹೊಂಡಗಳು ತೆರೆದಿವೆಯೋ ಮುಚ್ಚಿವೆಯೋ ನೋಡಿದರೆ ಈ ಗೊಂದಲ ಬಹುಪಾಲು ತೀರುತ್ತದೆ.

ನಮ್ಮ ಮಕ್ಕಳ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಸ್ಕ್ಯಾನಿನಲ್ಲಿ ರಕ್ತ ಬಿಳಿಯಾಗಿ ಕಾಣುವುದು ಹಿಮೋಗ್ಲೋಬಿನ್ನಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67.1 ಮಂದಿಗೆ ರಕ್ತಹೀನತೆ. ತೀರಾ ಬಿಳಿಚಿಕೊಂಡ ಮಗುವಿನಲ್ಲಿ ಹೊಸ ರಕ್ತವೂ ಮಿದುಳಿನ ಬಣ್ಣಕ್ಕೇ ಇಳಿದು ಮರೆಯಾಗಬಹುದು. ವಿದೇಶಿ ಪಠ್ಯಪುಸ್ತಕದಲ್ಲಿ ಇದು ಒಂದು ಅಡಿಟಿಪ್ಪಣಿಯಾಗಿದ್ದೀತು. ಇಲ್ಲಿ ಚೀಟಿಯಲ್ಲಿ ಹಿಮೋಗ್ಲೋಬಿನ್ ಅಂಕಿ ಇರಬೇಕಾದ ಕಾರಣ ಇದು.

ಎಲ್ಲ ರಕ್ತವೂ ಬಿದ್ದು ಬಂದದ್ದಲ್ಲ. ಒಂದೂವರೆ ತಿಂಗಳ ಕೂಸು, ಬರಿ ಎದೆಹಾಲು ಕುಡಿಯುತ್ತಿದ್ದದ್ದು, ಇದ್ದಕ್ಕಿದ್ದಂತೆ ಹಾಲು ಬಿಟ್ಟಿತು, ಬಿಳಿಚಿತು, ಫಿಟ್ಸ್ ಬಂತು, ನೆತ್ತಿ ಉಬ್ಬಿದೆ. ಸ್ಕ್ಯಾನಿನಲ್ಲಿ ಮಿದುಳಿನ ಸುತ್ತಲೂ ರಕ್ತ. ಬಿರುಕಿಲ್ಲ, ಬುಗುಟಿಲ್ಲ. ಪಾಶ್ಚಾತ್ಯ ಪುಸ್ತಕ ಓದಿ ಬಂದ ಎಳೆಯ ಡಾಕ್ಟರ ತಲೆಗೆ ಮೊದಲು ಹೊಳೆಯುವುದು ಮಗುವನ್ನು ಯಾರೋ ಕುಲುಕಿದ್ದಾರೆ ಎಂಬುದು. ಹಾಗೂ ಆಗುವುದುಂಟು, ಅದನ್ನು ತಳ್ಳಿಹಾಕುವಂತಿಲ್ಲ. ಬೇರೆಬೇರೆ ವಯಸ್ಸಿನ ರಕ್ತದ ಪದರ, ಕಣ್ಣಿನ ಹಿಂಪರದೆಯ ರಕ್ತಸ್ರಾವ ಕಂಡರೆ ಪೊಲೀಸ್ ದಾಖಲೆ ಮಾಡಲೇಬೇಕು. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಹೆರಿಗೆಯಾದಾಗ ಕೂಸಿಗೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದರೇ ಎಂದು. ತಾಯಿಯ ಹಾಲಿನಲ್ಲಿ ಈ ವಿಟಮಿನ್ ತೀರಾ ಕಡಿಮೆ. ಇಂಜೆಕ್ಷನ್ ತಪ್ಪಿದ ಮಗುವಿನಲ್ಲಿ ಎರಡು ವಾರದಿಂದ ಆರು ತಿಂಗಳೊಳಗೆ ತಂತಾನೇ ರಕ್ತಸ್ರಾವ ಆಗಬಹುದು, ಅದರಲ್ಲಿ ದೊಡ್ಡ ಪಾಲು ತಲೆಯೊಳಗೇ. ಎಲ್ಲ ನವಜಾತ ಶಿಶುಗಳಿಗೂ ಇದನ್ನು ಕೊಡಬೇಕೆಂದು 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸಿದೆ. ಇಲ್ಲಿ ಉತ್ತರ ಇರುವುದು ಸ್ಕ್ಯಾನಿನಲ್ಲಲ್ಲ, ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಸಣ್ಣ ಪರೀಕ್ಷೆಯಲ್ಲಿ. ಆ ಪರೀಕ್ಷೆಗೆ ಮೊದಲು ಬಾಣಂತಿಯನ್ನೋ ಕೂಸಿಗೆ ಎಣ್ಣೆ ನೀವುವ ಅಜ್ಜಿಯನ್ನೋ ಅನುಮಾನದಿಂದ ನೋಡುವುದು ಅನ್ಯಾಯ. ತಾಯಿ ಕಾರ್ಡಿನ ಒಂದು ಪುಟ ತಿರುವಿ ನೋಡಿದರೆ ಎಷ್ಟೋ ಗೊತ್ತಾಗುತ್ತದೆ.

ಪೆಟ್ಟಿನ ಆಚೆಗೆ ಮಕ್ಕಳ ತಲೆ ಸ್ಕ್ಯಾನಿಗೆ ನಮ್ಮಲ್ಲಿರುವ ದೊಡ್ಡ ಕಾರಣ ಫಿಟ್ಸ್. ಜ್ವರ ಏರಿದಾಗ ಬಂದು ಎರಡು ನಿಮಿಷದಲ್ಲಿ ನಿಂತು, ಮಗು ಮೊದಲಿನಂತಾದರೆ ಸ್ಕ್ಯಾನ್ ಬೇಡ. ಜ್ವರವಿಲ್ಲದೆ, ಒಂದು ಕೈ ಅಥವಾ ಮುಖದ ಒಂದು ಬದಿಯಿಂದ ಶುರುವಾದ ಫಿಟ್ಸಿನಲ್ಲಿ ಕಾಣುವುದು ಎಷ್ಟೋ ಸಲ ಒಂದು ಪುಟ್ಟ ಉಂಗುರ, ಸುತ್ತ ಊತ. ಹಿಂದೆ ಇದನ್ನು ಕಂಡರೆ ‘ಟಿ.ಬಿ. ಗಂಟು’ ಎಂದು ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸುತ್ತಿದ್ದರು. ಗಂಟು ಮಾಯವಾದರೆ ಮಾತ್ರೆಯ ಗುಣವೆಂದು ನಂಬಿಕೆ. ವೆಲ್ಲೂರಿನ ಸಿ.ಎಂ.ಸಿ.ಯ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಇಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದು ಲಾಡಿಹುಳುವಿನ ಮರಿ ಎಂದು 1989ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತೋರಿಸಿಕೊಟ್ಟರು. ಆ ಮೇಲೆ ಅವರು ಕೊಟ್ಟ ಗುರುತುಗಳು ಇಂದಿಗೂ ಬಳಕೆಯಲ್ಲಿವೆ: ಒಂದೇ ಗಂಟು, 20 ಮಿಲಿಮೀಟರಿಗಿಂತ ಚಿಕ್ಕದು, ಮಿದುಳನ್ನು ನಡುಗೆರೆಯಿಂದ ಪಕ್ಕಕ್ಕೆ ತಳ್ಳಿಲ್ಲ. ಇದು ಜಗತ್ತಿಗೆ ದಕ್ಷಿಣ ಭಾರತ ಕಲಿಸಿದ ಓದು. ಸಸ್ಯಾಹಾರಿ ಮನೆಯವರು ‘ನಮಗೆಲ್ಲಿಂದ ಬಂತು?’ ಎಂದು ದಿಗಿಲುಗೊಳ್ಳುತ್ತಾರೆ. ಈ ರೋಗ ಹಂದಿಮಾಂಸ ತಿಂದವರಿಗಷ್ಟೇ ಅಲ್ಲ. ಹುಳುವಿನ ಮೊಟ್ಟೆ ಅಂಟಿದ ಹಸಿ ತರಕಾರಿ, ತೊಳೆಯದ ಕೈ, ನೀರಿನ ದಾರಿಯಿಂದ ಯಾರಿಗಾದರೂ ಬರುತ್ತದೆ.

ನೀರು ತುಂಬಿದ ತಲೆಗೆ ಹಿಂದೆ ನಳಿಗೆ ಹಾಕಿಸಿಕೊಂಡ ಮಕ್ಕಳ ಮಾತು ಇನ್ನೂ ಬೇರೆ. ಅವರ ಮಿದುಳಿನ ಕೋಣೆಗಳು ಮೊದಲೇ ದೊಡ್ಡವು. ಈಗ ಹಿಗ್ಗಿವೆಯೋ ಇಲ್ಲವೋ ಎಂದು ಹಳೆಯ ಫಿಲ್ಮಿನ ಪಕ್ಕದಲ್ಲಿಟ್ಟೇ ಹೇಳಬೇಕು. ಆ ಫಿಲ್ಮು ಊರಿನ ಟ್ರಂಕಿನಲ್ಲಿರುತ್ತದೆ.

ಹಾಗಾದರೆ ರಾತ್ರಿ ಓದುವವರು ಯಾರು? ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, ತಲೆ ಪೆಟ್ಟಿನ ಸ್ಕ್ಯಾನ್ ಆದ ಒಂದು ಗಂಟೆಯೊಳಗೆ ಲಿಖಿತ ಪ್ರಾಥಮಿಕ ವರದಿ ಬರಬೇಕೆನ್ನುತ್ತದೆ. ನಮ್ಮ ಜಿಲ್ಲಾ ಊರುಗಳಲ್ಲಿ ರಾತ್ರಿ ಹೊತ್ತು ಮೊದಲು ನೋಡುವುದು ಡ್ಯೂಟಿ ಡಾಕ್ಟರು. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿನಲ್ಲಿ ನ್ಯೂರೋ ಸರ್ಜನ್ನರಿಗೆ ಕಳಿಸುವುದು ರೂಢಿ. ಎರಡೂ ಬದಿ ಉಬ್ಬಿದ ದೊಡ್ಡ ರಕ್ತದ ಗಡ್ಡೆ, ಪಕ್ಕಕ್ಕೆ ಸರಿದ ಮಿದುಳು ಫೋಟೋದಲ್ಲೂ ಕಾಣುತ್ತದೆ. ಜೀವ ಉಳಿಸುವ ನಿರ್ಧಾರಕ್ಕೆ ಅಷ್ಟು ಸಾಕಾಗುವುದೂ ಉಂಟು. ತೆಳು ಪದರ, ಕೂದಲೆಳೆಯ ಬಿರುಕು ಮಾತ್ರ ಕಾಣುವುದಿಲ್ಲ. ಇದೇ ರಾಜ್ಯದಲ್ಲಿ, ಬೆಂಗಳೂರಿನಲ್ಲಿ, ಅರ್ಜುನ್ ಕಲ್ಯಾಣಪುರ್ ದಂಪತಿ 2002ರಲ್ಲಿ ಕಟ್ಟಿದ ಟೆಲಿರೇಡಿಯಾಲಜಿ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ರಾತ್ರಿಯ ತುರ್ತು ಸ್ಕ್ಯಾನ್‌ಗಳನ್ನು ನಮ್ಮ ಹಗಲಿನಲ್ಲಿ ಓದಿಕೊಡುತ್ತ ಬೆಳೆಯಿತು. ಅಲ್ಲಿಯ ರಾತ್ರಿ ನಮ್ಮ ಹಗಲಾಗುವುದು ಅವರ ಅದೃಷ್ಟ. ನಮ್ಮ ರಾತ್ರಿಗೂ ಎಲ್ಲೋ ಹಗಲಿರುತ್ತದೆ, ಆದರೆ ಅಲ್ಲಿಂದ ಓದಿಸಿಕೊಳ್ಳುವಷ್ಟು ಹಣ ಇಲ್ಲಿಲ್ಲ.

ಕಂಪ್ಯೂಟರು ಓದೀತಲ್ಲ ಎನ್ನುವವರಿದ್ದಾರೆ. ಭಾರತದ್ದೇ ಕ್ಯೂರ್ ಡಾಟ್ ಎಐ ಕಂಪನಿ ದೇಶದ ಸುಮಾರು 20 ಕೇಂದ್ರಗಳ ಮೂರು ಲಕ್ಷಕ್ಕೂ ಹೆಚ್ಚು ತಲೆ ಸ್ಕ್ಯಾನ್‌ಗಳನ್ನು ಬಳಸಿ ರೂಪಿಸಿ ಪರೀಕ್ಷಿಸಿದ ತಂತ್ರಾಂಶ, ರಕ್ತಸ್ರಾವ, ಬಿರುಕು, ನಡುಗೆರೆ ಸರಿದಿರುವುದನ್ನು ಚೆನ್ನಾಗಿ ಹಿಡಿಯುತ್ತದೆಂದು 2018ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಆ ಅಧ್ಯಯನದಿಂದ ಏಳು ವರ್ಷದೊಳಗಿನ ಮಕ್ಕಳ ಸ್ಕ್ಯಾನ್‌ಗಳನ್ನು ಹೊರಗಿಟ್ಟಿದ್ದರು. ಅವರು ಮಾಡಿದ್ದು ಸರಿಯೇ. ಸಂದು, ನೆತ್ತಿ, ನೀರು ತುಂಬಿದ ಎಳೆ ಮಿದುಳು ತಿಂಗಳಿಂದ ತಿಂಗಳಿಗೆ ಬದಲಾಗುವ ವಯಸ್ಸಿನಲ್ಲಿ ಯಂತ್ರಕ್ಕೆ ಪಾಠ ಹೇಳುವುದು ಸುಲಭವಲ್ಲ. ಅಂದರೆ ಸಹಾಯ ಎಲ್ಲಕ್ಕಿಂತ ಹೆಚ್ಚು ಬೇಕಾದ ತಲೆಗಳೇ ಆ ಪರೀಕ್ಷೆಯಿಂದ ಹೊರಗುಳಿದವು.

ಸ್ಕ್ಯಾನ್ ಮಾಡಿಸಬೇಕೋ ಬೇಡವೋ ಎಂಬ ನಡುವಿನ ಮಕ್ಕಳಿಗೆ ಒಳ್ಳೆಯ ಉಪಾಯ ಕೆಲವು ಗಂಟೆ ಕಣ್ಣಿಟ್ಟು ಕಾಯುವುದು. ಪೆಕಾರ್ನ್ ಜಾಲದ ಮುಂದಿನ ಅಧ್ಯಯನವೂ ಕಾಯ್ದ ಮಕ್ಕಳಲ್ಲಿ ಸ್ಕ್ಯಾನ್ ಕಡಿಮೆಯಾಯಿತು, ಗಂಭೀರ ಗಾಯ ತಪ್ಪಿಹೋಗುವುದು ಹೆಚ್ಚಲಿಲ್ಲ ಎಂದಿತು. ಕಾಯಲು ಬೇಕಾದದ್ದು ಮಂಚ ಮತ್ತು ಅರ್ಧ ಗಂಟೆಗೊಮ್ಮೆ ಮಗುವನ್ನು ಮುಟ್ಟಿ ನೋಡುವ ನರ್ಸ್. ತುಂಬಿದ ವಾರ್ಡಿನಲ್ಲಿ ಇವೆರಡಕ್ಕಿಂತ ಸ್ಕ್ಯಾನ್ ಸುಲಭವಾಗಿ ಸಿಗುತ್ತದೆ. ಬೇಡದ ಸ್ಕ್ಯಾನ್‌ಗಳು ಹೆಚ್ಚುವುದಕ್ಕೆ ದುರಾಸೆಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಎಣಿಕೆ.

ಮನೆಗೆ ಕಳಿಸುವಾಗ ‘ರಾತ್ರಿಯಿಡೀ ಮಲಗಿಸಬೇಡಿ’ ಎಂದು ಹೇಳುವುದನ್ನು ನಿಲ್ಲಿಸಬೇಕು. ದಣಿದ ಮಗು ಮಲಗಲಿ. ಎಬ್ಬಿಸಿದರೆ ಏಳುತ್ತದೆಯೋ, ಅಮ್ಮನನ್ನು ಗುರುತಿಸುತ್ತದೆಯೋ ಎಂದು ನಡುನಡುವೆ ನೋಡಿದರೆ ಸಾಕು. ಮತ್ತೆಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ನಡಿಗೆ ತಪ್ಪುವುದು, ಕಿವಿ-ಮೂಗಿನಿಂದ ನೀರು ಅಥವಾ ರಕ್ತ, ಎಬ್ಬಿಸಲಾಗದ ಮಂಪರು ಕಂಡರೆ 108ಕ್ಕೆ ಫೋನ್ ಮಾಡಿ ಹೊರಟುಬಿಡಬೇಕು. ಕೆ.ಬಿ. ಬಡಾವಣೆಯ ಮನೆಗೆ ಈ ಪಟ್ಟಿ ಕೊಟ್ಟು ಕಳಿಸಬಹುದು, ಹತ್ತು ಹದಿನೈದು ನಿಮಿಷದಲ್ಲಿ ವಾಪಸ್ ಬಂದಾರು. ಜಗಳೂರಿನಾಚೆಯ ಹಳ್ಳಿಯಿಂದ ಕೊನೆಯ ಬಸ್ಸಿಗೆ ಬಂದವರಿಗೆ ಅದೇ ಕಾಗದ, ಅದೇ ಸೂತ್ರ ಒಪ್ಪುವುದಿಲ್ಲ. ಅಂಥ ಮಗುವನ್ನು ಬೆಳಗಿನವರೆಗೆ ಇರಿಸಿಕೊಳ್ಳಬೇಕು. ಮಂಚವಿಲ್ಲದಿದ್ದರೆ ಪೆಟ್ಟಿನ ಪಟ್ಟಿ ಏನೇ ಹೇಳಲಿ, ಸ್ಕ್ಯಾನ್ ಮಾಡಿಯೇ ಕಳಿಸುವುದನ್ನು ತಪ್ಪೆನ್ನಲಾಗದು. ಊರಿನ ದೂರವನ್ನೂ ಚೀಟಿಯಲ್ಲಿ ಬರೆಯಬೇಕು.